ಆಟ ಮುಗಿದ ಮೇಲೆ ಬಣ್ಣ
ಮುಂಬಯಿ ಚಿತ್ರೋದ್ಯಮದಲ್ಲಿ ಕಾಲದ ಲೆಕ್ಕ

ಯಕ್ಷಗಾನದ ಬಣ್ಣದ ವೇಷಧಾರಿ ನಡುರಾತ್ರಿ ರಂಗಸ್ಥಳಕ್ಕೆ ಬರಬೇಕಾದರೆ ಸಂಜೆಯಾಗುತ್ತಲೇ ಚೌಕಿಯಲ್ಲಿ ಕನ್ನಡಿಯ ಎದುರು ಕೂಡುತ್ತಾನೆ. ಅಕ್ಕಿಹಿಟ್ಟಿನ ಚಿಟ್ಟಿಯನ್ನು ಮುಖದ ಮೇಲೆ ಒಂದೊಂದಾಗಿ ಇಡುವುದಕ್ಕೇ ಗಂಟೆಗಟ್ಟಲೆ ಹಿಡಿಯುತ್ತದೆ. ರಂಗದ ಮೇಲೆ ಅವನ ಅಬ್ಬರ ಅರ್ಧ ತಾಸಿನದಿರಬಹುದು, ಅದರ ಹಿಂದಿನ ಸಿದ್ಧತೆ ಅರ್ಧ ರಾತ್ರಿಯದು. ಊರಿನ ಮೇಳಗಳ ಆಟವನ್ನು ಬಾಲ್ಯದಲ್ಲಿ ಕಂಡವರಿಗೆ, ಮುಂಬಯಿಯ ಸಭಾಗೃಹಗಳಲ್ಲಿ ಇಂದಿಗೂ ಕಾಣುತ್ತಿರುವವರಿಗೆ ಈ ಲೆಕ್ಕವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಈಚಿನ ವರ್ಷಗಳಲ್ಲಿ ಸಿನಿಮಾದವರು ಇದನ್ನು ತಲೆಕೆಳಗು ಮಾಡಿದ್ದಾರೆ. ನಟ ಬಣ್ಣವಿಲ್ಲದೆ, ಕಿರೀಟವಿಲ್ಲದೆ, ಮೈಗಂಟಿದ ಕಪ್ಪು ಉಡುಪಿನಲ್ಲಿ ಬರಿಯ ನೆಲದ ಮೇಲೆ ಕುಣಿದು ಹೋಗುತ್ತಾನೆ. ವೇಷ ಕಟ್ಟುವುದು ಅವನು ಮನೆಗೆ ಹೋದ ಮೇಲೆ. ಮೋಷನ್ ಕ್ಯಾಪ್ಚರ್ ಎಂದು ಕರೆಯುವ ಈ ವಿಧಾನದಲ್ಲಿ ಆಟ ಕೆಲವೇ ದಿನಗಳದು, ಚೌಕಿಯ ಕೆಲಸ ವರ್ಷಗಟ್ಟಲೆಯದು. ಈ ಚೌಕಿಯಲ್ಲಿ ಕೂತು ಕೆಲಸ ಮಾಡುವವರಲ್ಲಿ ಅಂಧೇರಿ, ಗೋರೆಗಾಂವ್, ಮಲಾಡಿನ ನಮ್ಮ ಕನ್ನಡದ ಮನೆಗಳ ಹುಡುಗ ಹುಡುಗಿಯರೂ ಇದ್ದಾರೆ. ಆದುದರಿಂದ ಚಿತ್ರೀಕರಣಕ್ಕೆ ಎಷ್ಟು ಕಾಲ, ಅದರ ಮುಂದಿನ ಸಂಸ್ಕರಣೆಗೆ ಎಷ್ಟು ಕಾಲ ಎಂಬ ಪ್ರಶ್ನೆಯನ್ನು ಈ ನಗರದವರು ಬೇರೆ ಬೇರೆ ಕಾಲದಲ್ಲಿ ಹೇಗೆ ಬಿಡಿಸಿಕೊಂಡರು ಎಂಬುದನ್ನು ಸ್ವಲ್ಪ ಹಿಂದಿನಿಂದ ನೋಡುವುದು ಅಪ್ರಸ್ತುತವಾಗಲಾರದು.

ಹಿಂದೆ ಎಂದರೆ ದಾದರ್‌ಗೇ ಹೋಗಬೇಕು. ಮಾಟುಂಗದಿಂದ ನಡೆದೇ ಹೋಗಬಹುದಾದ ದಾದರ್ ಮುಖ್ಯ ರಸ್ತೆಗೆ ಈಗ ದಾದಾಸಾಹೇಬ ಫಾಲ್ಕೆಯವರ ಹೆಸರಿದೆ. ಧುಂಡಿರಾಜ ಗೋವಿಂದ ಫಾಲ್ಕೆಯವರು 1911ರಲ್ಲಿ ಗಿರ್ಗಾಂವ್‌ನ ಒಂದು ಚಿತ್ರಮಂದಿರದಲ್ಲಿ ಕ್ರಿಸ್ತನ ಜೀವನದ ಚಿತ್ರವನ್ನು ಕಂಡು, ನಮ್ಮ ರಾಮ ಕೃಷ್ಣರನ್ನೂ ಹೀಗೆ ಪರದೆಯ ಮೇಲೆ ತರಬೇಕೆಂದು ಹಠ ತೊಟ್ಟದ್ದು ಸರ್ವವಿದಿತ. 1912ರಲ್ಲಿ ಲಂಡನ್ನಿಗೆ ಹೋಗಿ ವಿಲಿಯಮ್ಸನ್ ಕ್ಯಾಮೆರಾ ತರಿಸುವ ಏರ್ಪಾಡು ಮಾಡಿಕೊಂಡು ಅವರು ಏಪ್ರಿಲಿನಲ್ಲಿ ಮರಳಿದರು. ಆದರೆ ಹಣ ಹಾಕುವವರನ್ನು ಒಪ್ಪಿಸಲು ಅವರು ಮೊದಲು ತೆಗೆದು ತೋರಿಸಿದ ಚಿತ್ರ ಪೌರಾಣಿಕವಲ್ಲ. ಒಂದು ಕುಂಡದಲ್ಲಿ ಬಟಾಣಿ ಬಿತ್ತಿ, ಎದುರಿಗೆ ಕ್ಯಾಮೆರಾ ನಿಲ್ಲಿಸಿ, ಅದು ಮೊಳೆತು ಬಳ್ಳಿಯಾಗುವುದನ್ನು ತಿಂಗಳಿಗೂ ಮಿಕ್ಕಿ ಬಿಡಿ ಬಿಡಿಯಾಗಿ ಹಿಡಿದರು. ತೆರೆಯ ಮೇಲೆ ಅದು ಒಂದು ನಿಮಿಷದ ಚಿತ್ರ. ‘ಅಂಕುರಾಚೀ ವಾಢ’ ಎಂದು ಅದರ ಹೆಸರು.

ಚಿತ್ರ ಪುಟ್ಟದೆಂದು ಇದನ್ನು ಬದಿಗಿಡುವಂತಿಲ್ಲ. ಒಂದು ನಿಮಿಷ ಕಾಣಬೇಕಾದರೆ ಒಂದು ತಿಂಗಳು ಕಾಯಬೇಕು ಎಂಬ ಲೆಕ್ಕವನ್ನು ಈ ನಗರದಲ್ಲಿ ಮೊದಲು ಹಾಕಿ ಪಾಲಿಸಿದವರು ಅವರು. ಕ್ಯಾಮೆರಾವನ್ನು ಎಲ್ಲಿಡಬೇಕು, ದಿನಕ್ಕೆ ಎಷ್ಟು ಸಲ ತಿರುಗಿಸಬೇಕು ಎಂಬುದನ್ನೆಲ್ಲ ಬೀಜ ನೀರು ಕಾಣುವ ಮೊದಲೇ ತೀರ್ಮಾನಿಸಿರಬೇಕು. ಹದಿನೈದನೆಯ ದಿನ ಕ್ಯಾಮೆರಾ ಸ್ವಲ್ಪ ಎಡಕ್ಕಿದ್ದಿದ್ದರೆ ಚೆನ್ನಿತ್ತು ಎಂದುಕೊಂಡರೆ ಬಟಾಣಿ ಮತ್ತೆ ಮೊಳೆಯುವುದಿಲ್ಲ. 1915ರಲ್ಲಿ ಬೆಂಕಿಕಡ್ಡಿಗಳನ್ನು ಕುಣಿಸಿ ಮಾಡಿದ ಅವರ ಇನ್ನೊಂದು ಕಿರುಚಿತ್ರವೂ ಇದೇ ತಾಳ್ಮೆಯ ಫಲ.

‘ರಾಜಾ ಹರಿಶ್ಚಂದ್ರ’ದ ಕಾಲದ ಲೆಕ್ಕವಂತೂ ದಿನದ ಮಟ್ಟಿಗೆ ಉಳಿದು ಬಂದಿದೆ. ಆರು ತಿಂಗಳು ಇಪ್ಪತ್ತೇಳು ದಿನ. ನಾಲ್ಕು ರೀಲು, 3,700 ಅಡಿ. 35 ಮಿಲಿಮೀಟರ್ ಫಿಲ್ಮಿನಲ್ಲಿ ಒಂದು ಅಡಿಗೆ 16 ಚೌಕಟ್ಟುಗಳಿರುವುದರಿಂದ ಒಟ್ಟು 59,200 ಚೌಕಟ್ಟು. ಆಗ ಕಚ್ಚಾ ಫಿಲ್ಮಿನ ಅಂಚಿನ ತೂತುಗಳನ್ನೂ ಮನೆಯಲ್ಲೇ ಹೊಡೆದುಕೊಳ್ಳಬೇಕಿತ್ತು. ಚೌಕಟ್ಟೊಂದಕ್ಕೆ ಎರಡು ಬದಿಯಲ್ಲಿ ನಾಲ್ಕು ನಾಲ್ಕರಂತೆ ಎಂಟು ತೂತು ಎಂದರೆ, ಬರಿಯ ಈ 3,700 ಅಡಿಗೇ ನಾಲ್ಕೂಮುಕ್ಕಾಲು ಲಕ್ಷದ ಸಮೀಪ. ರಾತ್ರಿಯ ಕತ್ತಲೆಯಲ್ಲಿ ಕೂತು ಈ ತೂತು ಹೊಡೆದವರು ಫಾಲ್ಕೆಯವರ ಮಡದಿ ಸರಸ್ವತೀಬಾಯಿ. ಹಗಲು ತೆಗೆದದ್ದನ್ನು ರಾತ್ರಿ ಮನೆಯಲ್ಲೇ ತೊಳೆಯುವುದಕ್ಕೂ ಅವರೇ ಜೊತೆ. ಬೆಳಗಾದರೆ ಇಡೀ ತಂಡಕ್ಕೆ ಅಡುಗೆ, ಬಿಸಿಲೇರಿದರೆ ಬಿಳಿಯ ಬಟ್ಟೆ ಹಿಡಿದು ನಟರ ಮುಖಕ್ಕೆ ಬೆಳಕು ತಿರುಗಿಸುವ ಕೆಲಸ. ಆಭರಣವನ್ನೂ ಅವರು ಕೊಟ್ಟಿದ್ದರು. ಭಾರತೀಯ ಚಿತ್ರರಂಗದ ಪಿತಾಮಹನ ಹೆಸರಿನಲ್ಲಿ ಪ್ರಶಸ್ತಿ ಇದೆ, ರಸ್ತೆ ಇದೆ, ಗೋರೆಗಾಂವ್‌ನಲ್ಲಿ ಚಿತ್ರನಗರಿಯೇ ಇದೆ. ಸಂಸ್ಕರಣೆಯ ಕೋಣೆಯಲ್ಲಿ ಕೂತವರ ಹೆಸರು ಎಷ್ಟು ಜನಕ್ಕೆ ನೆನಪಿದೆ?

ಒಂದು ಸಂಗತಿ ಗಮನಿಸಬೇಕು. ಫಾಲ್ಕೆಯವರ ಮನೆಯಲ್ಲಿ ಚಿತ್ರೀಕರಣವೂ ಸಂಸ್ಕರಣೆಯೂ ಒಂದೇ ಸೂರಿನಡಿ, ಒಂದೇ ದಿನದ ಎರಡು ಭಾಗಗಳಾಗಿ ನಡೆದವು. ಹಗಲು ಮಾಡಿದ ತಪ್ಪು ರಾತ್ರಿ ಕಣ್ಣಿಗೆ ಬೀಳುತ್ತಿತ್ತು. ಮರುದಿನ ತಿದ್ದಬಹುದಿತ್ತು. 1913ರ ಏಪ್ರಿಲ್ 21ರಂದು ಗ್ರಾಂಟ್ ರೋಡಿನ ಒಲಿಂಪಿಯಾದಲ್ಲಿ ಆಹ್ವಾನಿತರಿಗೆ ತೋರಿಸಿ, ಮೇ 3ರಂದು ಗಿರ್ಗಾಂವ್‌ನ ಕಾರೊನೇಶನ್ನಿನಲ್ಲಿ ಬಿಡುಗಡೆ ಮಾಡುವಾಗ ಉಳಿದ ಕೆಲಸವೆಂಬುದು ಇರಲಿಲ್ಲ.

ಮಾತು ಬಂದ ಮೇಲೆ ಈ ಸರಳತೆ ಹೋಯಿತು. ನಮ್ಮ ಕನ್ನಡದ ಮೊದಲ ಎರಡು ವಾಕ್ಚಿತ್ರಗಳ ಕಥೆಯಲ್ಲೇ ಇದನ್ನು ಕಾಣಬಹುದು. ಎ. ವಿ. ವರದಾಚಾರ್ಯರ ರತ್ನಾವಳಿ ನಾಟಕ ಮಂಡಳಿಯ ನಾಟಕದಿಂದ ಹುಟ್ಟಿದ ‘ಭಕ್ತ ಧ್ರುವ’ವನ್ನು ಪಿ. ವೈ. ಅಳತೇಕರ್ ನಿರ್ದೇಶಿಸಿದರು, ಅದು ತಯಾರಾದದ್ದು ಇದೇ ಮುಂಬಯಿಯ ಅಜಂತಾ ಸ್ಟುಡಿಯೋದಲ್ಲಿ. ಮೊದಲು ಶುರುವಾದ ಕನ್ನಡ ಚಿತ್ರ ಅದೇ. ಆದರೆ ಅದರ ನಂತರ ಕೈಗೆತ್ತಿಕೊಂಡು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ ಎರಡು ತಿಂಗಳಲ್ಲಿ ಮುಗಿಸಿದ, ವೈ. ವಿ. ರಾವ್ ನಿರ್ದೇಶನದ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡು ಮೊದಲನೆಯದೆಂಬ ಪಟ್ಟ ಪಡೆಯಿತು. ಚರಿತ್ರೆಯ ಪುಸ್ತಕ ಮುಹೂರ್ತದ ದಿನವನ್ನು ಕೇಳುವುದಿಲ್ಲ. ಮುಂಬಯಿಯಲ್ಲಿ ಹುಟ್ಟಿದ ಕನ್ನಡ ಚಿತ್ರಕ್ಕೆ ಹಿರಿತನ ತಪ್ಪಿಹೋಯಿತೆಂದು ನಮಗೆ ಸ್ವಲ್ಪ ಹೊಟ್ಟೆಯುರಿಯಾದರೆ ತಪ್ಪಲ್ಲ.

ಇನ್ನೊಬ್ಬ ಕನ್ನಡಿಗರ ಮಾತನ್ನು ಇಲ್ಲಿ ಹೇಳಲೇಬೇಕು. ಮೈಸೂರಿನಲ್ಲಿ 1923ರಲ್ಲಿ ಹುಟ್ಟಿ, ಬೆಂಗಳೂರಿನ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತು ಮುಂಬಯಿಗೆ ಬಂದ ವಿ. ಕೆ. ಮೂರ್ತಿಯವರು ಗುರುದತ್ತರ ಕಣ್ಣಾಗಿ ದುಡಿದರು. ಗುರುದತ್ತರೂ ಬೆಂಗಳೂರಿನಲ್ಲಿ ಹುಟ್ಟಿದವರು, ಪಡುಕೋಣೆ ಮನೆತನದವರು. 1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಕತ್ತಲೆಯ ಸ್ಟುಡಿಯೋದ ನಡುವೆ ಮೇಲಿನಿಂದ ಇಳಿದು ಬರುವ ಆ ಬೆಳಕಿನ ಕಂಬವನ್ನು ಒಮ್ಮೆ ಕಂಡವರು ಮರೆಯಲಾರರು. ಅದು ದೀಪದ ಬೆಳಕಲ್ಲ, ಸೂರ್ಯನದು. ಹೊರಗೆ ಒಂದು ದೊಡ್ಡ ಕನ್ನಡಿ ಇಟ್ಟು ಬಿಸಿಲನ್ನು ಒಳಕ್ಕೆ ತಿರುಗಿಸಿ, ಒಳಗೆ ಮೇಲ್ಗಡೆ ಇನ್ನೊಂದು ಕನ್ನಡಿಯಿಂದ ಅದನ್ನು ನೆಲಕ್ಕೆ ಇಳಿಸಿದರು ಮೂರ್ತಿಯವರು.

ಸೂರ್ಯ ಯಾವ ನಿರ್ಮಾಪಕನಿಗೂ ನಿಂತು ಕೊಡುವವನಲ್ಲ. ಕನ್ನಡಿಯ ಕೋನ ಗಳಿಗೆ ಗಳಿಗೆಗೂ ತಪ್ಪುತ್ತದೆ. ಅಂಥ ದೃಶ್ಯದಲ್ಲಿ ಕ್ಯಾಮೆರಾದ ಜಾಗ, ನಟರ ನಡೆ, ಹೊಗೆ, ನೆರಳು ಎಲ್ಲವೂ ಬಿಸಿಲು ಬೀಳುವ ಮೊದಲೇ ನಿಶ್ಚಯವಾಗಿರಬೇಕು. ಹಾಗೆ ನಿಶ್ಚಯವಾಗಿದ್ದುದರಿಂದಲೇ ಆ ಫಿಲ್ಮು ಲ್ಯಾಬೊರೇಟರಿಗೆ ಹೋಗಿ ತೊಳೆದು ಬಂದಾಗ ಬೆಳಕು ಅದರೊಳಗೇ ಇತ್ತು. ಆಮೇಲೆ ಯಾರೂ ಸೇರಿಸಬೇಕಾಗಿರಲಿಲ್ಲ. 2008ನೆಯ ಸಾಲಿನ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಬಂತು. ಛಾಯಾಗ್ರಾಹಕರೊಬ್ಬರಿಗೆ ಅದು ಸಂದದ್ದು ಅದೇ ಮೊದಲು.

ಇನ್ನು ಬಿಡಿಸಿದ ಚಿತ್ರಗಳ ಲೋಕ. ಪೆಡರ್ ರೋಡಿನ ಫಿಲ್ಮ್ಸ್ ಡಿವಿಜನ್ ಕಟ್ಟಡದ ಮುಂದೆ ಬಸ್ಸಿನಲ್ಲಿ ಹಾದುಹೋಗದ ಮುಂಬಯಿಗ ಯಾರು? 1948ರಲ್ಲಿ ಆರಂಭವಾದ ಆ ಸಂಸ್ಥೆಯಲ್ಲಿ ಐವತ್ತರ ದಶಕದ ನಡುವೆ ವ್ಯಂಗ್ಯಚಿತ್ರ ವಿಭಾಗ ತಲೆಯೆತ್ತಿತು. ಭಾರತದಲ್ಲೇ ಹುಟ್ಟಿದ ಅಮೆರಿಕನ್ ಮಿಶನರಿ ದಂಪತಿಗಳ ಮಗ, ಡಿಸ್ನಿಯವರಲ್ಲಿ ಪಳಗಿದ ಕ್ಲೇರ್ ವೀಕ್ಸ್ ಎಂಬಾತ 1956ರಲ್ಲಿ ಬಂದು ನಮ್ಮ ಕಲಾವಿದರಿಗೆ ತರಬೇತಿ ಕೊಟ್ಟ. ಆ ತಂಡ ಜಾತಕಕಥೆಯೊಂದನ್ನು ಆಧರಿಸಿ ‘ದ ಬನ್ಯನ್ ಡೀರ್’ ಎಂಬ ಚಿತ್ರವನ್ನು 1957ರಲ್ಲಿ ಹೊರತಂದಿತು. ಭಾರತೀಯ ಅನಿಮೇಶನ್ನಿನ ಹಿರಿಯರೆನಿಸಿದ ರಾಮ್ ಮೋಹನ್ ಅಲ್ಲಿ ಕೈ ಪಳಗಿಸಿಕೊಂಡವರೇ.

ಅಲ್ಲಿನ ಲೆಕ್ಕ ನೇರ. ಸೆಕೆಂಡಿಗೆ 24 ಚೌಕಟ್ಟು, ನಿಮಿಷಕ್ಕೆ 1,440. ಒಂದು ಚಿತ್ರವನ್ನು ಎರಡು ಚೌಕಟ್ಟಿಗೆ ಬಳಸಿದರೂ ಒಂದು ಜಿಂಕೆ ಒಂದು ನಿಮಿಷ ನಡೆಯಲು 720 ಜಿಂಕೆ ಬಿಡಿಸಬೇಕು. ಒಬ್ಬ ಕಲಾವಿದ ದಿನಕ್ಕೆ ಎಷ್ಟು ಬಿಡಿಸಬಲ್ಲ ಎಂದು ತಿಳಿದರೆ ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಬಹುದು. ಕಷ್ಟದ ಕೆಲಸ ನಿಜ, ಮೋಸವಿಲ್ಲದ ಲೆಕ್ಕ.

ಈ ಕಷ್ಟವನ್ನು ತಪ್ಪಿಸುವ ಆಸೆಯೇ ಮೋಷನ್ ಕ್ಯಾಪ್ಚರಿನ ಮೂಲ. ಆಸೆ ಹಳೆಯದು. 1880ರ ದಶಕದಲ್ಲಿ ಫ್ರಾನ್ಸಿನ ಶರೀರವಿಜ್ಞಾನಿ ಎತಿಯೆನ್ ಜೂಲ್ ಮಾರೆ ಒಬ್ಬನಿಗೆ ಕಪ್ಪು ಉಡುಪು ತೊಡಿಸಿ, ಕೈಕಾಲುಗಳುದ್ದಕ್ಕೂ ಬಿಳಿಯ ಪಟ್ಟಿ ಎಳೆದು, ಕಪ್ಪು ಗೋಡೆಯ ಮುಂದೆ ಓಡಿಸಿ ಚಿತ್ರ ತೆಗೆದ. ಚಿತ್ರದಲ್ಲಿ ಮನುಷ್ಯ ಮಾಯವಾದ. ನಡಿಗೆಯ ಗೆರೆಗಳು ಮಾತ್ರ ಉಳಿದವು. ಅಮೆರಿಕದ ಮ್ಯಾಕ್ಸ್ ಫ್ಲೈಶರ್ ತನ್ನ ತಮ್ಮನಿಗೆ ವಿದೂಷಕನ ವೇಷ ಹಾಕಿಸಿ ಚಿತ್ರ ತೆಗೆದು, ಒಂದೊಂದು ಚೌಕಟ್ಟನ್ನೂ ಗಾಜಿನ ಮೇಲೆ ಬೀಳಿಸಿ ಅದರ ಮೇಲೆಯೇ ರೇಖೆ ಎಳೆಯುವ ಯಂತ್ರಕ್ಕೆ 1917ರಲ್ಲಿ ಪೇಟೆಂಟ್ ಪಡೆದ. ಚಲನೆ ಸಹಜವಾಯಿತು, ಆದರೆ ಚೌಕಟ್ಟುಗಳನ್ನು ಎಣಿಸುವುದು ತಪ್ಪಲಿಲ್ಲ. ಕಂಪ್ಯೂಟರ್ ಬಂದಾಗ ಮಾರೆಯ ಬಿಳಿಯ ಪಟ್ಟಿ ಹೊಳೆಯುವ ಗುಂಡುಗಳಾದವು.

ಈಗ ನಡೆಯುವ ವಿಧಾನ ಹೀಗೆ. ನಟನ ಭುಜ, ಮೊಣಕೈ, ಮಣಿಕಟ್ಟು, ಸೊಂಟ, ಮೊಣಕಾಲು, ಹಿಮ್ಮಡಿಗಳ ಸುತ್ತ ಸಣ್ಣ ಗುಂಡುಗಳನ್ನು ಅಂಟಿಸುತ್ತಾರೆ. ಸುತ್ತಲೂ ಎತ್ತರದಲ್ಲಿ ಹತ್ತಾರು ಕ್ಯಾಮೆರಾಗಳು. ಇವು ಮುಖವನ್ನು ನೋಡುವುದಿಲ್ಲ, ಗುಂಡುಗಳ ಹೊಳಪನ್ನಷ್ಟೇ ನೋಡುತ್ತವೆ. ಒಂದು ಗುಂಡು ಕನಿಷ್ಠ ಎರಡು ಕ್ಯಾಮೆರಾಗಳ ಕಣ್ಣಿಗೆ ಬಿದ್ದರೆ ಅದು ಆ ಕ್ಷಣದಲ್ಲಿ ಎಲ್ಲಿತ್ತೆಂದು ಯಂತ್ರ ಲೆಕ್ಕ ಹಾಕುತ್ತದೆ. ಮೈಮೇಲೆ 50 ಗುಂಡುಗಳಿದ್ದು, ಸೆಕೆಂಡಿಗೆ 120 ಸಲ ನೋಡುತ್ತದೆ ಎಂದಿಟ್ಟುಕೊಳ್ಳಿ. ಒಬ್ಬ ನಟನ ಒಂದು ನಿಮಿಷದ ನಡೆಗೆ 3,60,000 ಸ್ಥಾನಗಳು ಸಿಕ್ಕುತ್ತವೆ. ಬಿಡಿಸಬೇಕಾದ 720 ಜಿಂಕೆಗಳ ಬದಲು ತನ್ನಷ್ಟಕ್ಕೆ ಬಂದ ಮೂರೂವರೆ ಲಕ್ಷಕ್ಕೂ ಮಿಕ್ಕಿದ ಅಂಕಿಗಳು. ನೋಡುವವರಿಗೆ ಕೆಲಸವೇ ಮುಗಿಯಿತೆನ್ನಿಸುವುದು ಇಲ್ಲೇ.

ಚಿತ್ರೀಕರಣದ ದಿನವನ್ನೇ ಮೊದಲು ನೋಡೋಣ. ಬೆಳಿಗ್ಗೆ ಕ್ಯಾಮೆರಾಗಳು ಒಂದನ್ನೊಂದು ಅರಿಯುವಂತೆ ಗುಂಡು ಕಟ್ಟಿದ ಕೋಲೊಂದನ್ನು ಇಡೀ ಜಾಗದಲ್ಲಿ ಬೀಸುತ್ತಾರೆ. ನಟ ಉಡುಪು ತೊಟ್ಟು, ಗುಂಡು ಅಂಟಿಸಿಕೊಂಡು, ಎರಡು ಕೈ ಚಾಚಿ ನಿಲ್ಲಬೇಕು. ಪ್ರತಿಯೊಂದು ಕೀಲನ್ನೂ ಆಡಿಸಿ ತೋರಿಸಬೇಕು. ಅಷ್ಟರಲ್ಲಿ ಬೆಳಗಿನ ಒಂದಿಷ್ಟು ಹೊತ್ತು ಹೋಗಿರುತ್ತದೆ. ನಡುವೆ ಗುಂಡು ಕಳಚಿ ಬಿದ್ದರೆ ತಡೆ. ಕ್ಯಾಮೆರಾಕ್ಕೆ ಯಾರದಾದರೂ ಭುಜ ತಾಗಿತೆಂದರೆ ಕೋಲು ಬೀಸುವುದರಿಂದ ಪುನಃ ಆರಂಭ. ಇಷ್ಟಾದ ಮೇಲೆ ಕೆಲಸ ವೇಗವಾಗಿ ಸಾಗುತ್ತದೆ ಎಂಬುದೂ ನಿಜ. ದೀಪ ಸರಿಸಬೇಕಾಗಿಲ್ಲ, ಮೇಕಪ್ ಇಲ್ಲ, ಸೀರೆಯ ನೆರಿಗೆ ಸರಿಪಡಿಸುವುದಿಲ್ಲ, ಮಳೆಗಾಲದ ಭಯವಿಲ್ಲ. ಒಂದೇ ದಿನದಲ್ಲಿ ಸಾಮಾನ್ಯ ಚಿತ್ರೀಕರಣಕ್ಕಿಂತ ಎಷ್ಟೋ ಹೆಚ್ಚು ಟೇಕುಗಳನ್ನು ತೆಗೆಯಬಹುದು. ನಿರ್ಮಾಪಕ ಮರುಳಾಗುವುದೂ ಇದಕ್ಕೆ.

ನಟರು ಹೊರಟುಹೋದ ಮೇಲೆ ಚೌಕಿಯ ಬಾಗಿಲು ತೆರೆಯುತ್ತದೆ. ಯಾವ ಗುಂಡು ಯಾವ ಕೀಲಿನದೆಂದು ಹೆಸರು ಹಚ್ಚಬೇಕು. ಕಣ್ಮರೆಯಾದ ಗುಂಡುಗಳ ಜಾಗವನ್ನು ತುಂಬಬೇಕು. ಅದರುವ ಗೆರೆಗಳನ್ನು ನಯಗೊಳಿಸಬೇಕು, ಆದರೆ ಜೀವ ಹೋಗುವಷ್ಟು ನಯವಾಗಬಾರದು. ಆಮೇಲೆ ಅಸ್ಥಿಪಂಜರಕ್ಕೆ ಜೋಡಣೆ. ಅಲ್ಲಿಂದ ಪಾತ್ರದ ಮೈಗೆ. ಐದೂವರೆ ಅಡಿಯ ನಟನ ನಡಿಗೆಯನ್ನು ಹನ್ನೆರಡು ಅಡಿಯ ರಾಕ್ಷಸನಿಗೆ ತೊಡಿಸಿದರೆ ಪಾದ ನೆಲದ ಮೇಲೆ ಜಾರುತ್ತದೆ, ಕೈ ಗದೆಯನ್ನು ಮುಟ್ಟುವುದಿಲ್ಲ, ತೋಳು ಎದೆಯೊಳಗೆ ಹೊಕ್ಕುಬಿಡುತ್ತದೆ. ಒಂದೊಂದನ್ನೂ ಕಲಾವಿದ ಕೂತು ತಿದ್ದಬೇಕು. ಮುಖ ಮತ್ತು ಬೆರಳುಗಳ ಕಥೆ ಬೇರೆಯೇ. ಇದೆಲ್ಲ ಮುಗಿದ ಮೇಲೆ ಕೂದಲು, ಬಟ್ಟೆ, ಬೆಳಕು, ಹಿನ್ನೆಲೆ. ಫಾಲ್ಕೆಯವರ ಪಾತ್ರಧಾರಿಗಳು ಉಟ್ಟುಕೊಂಡೇ ಬರುತ್ತಿದ್ದ ಪಂಚೆಯ ಮಡಿಕೆಯನ್ನು ಈಗ ಯಂತ್ರ ರಾತ್ರಿಯೆಲ್ಲ ಕೂತು ಗುಣಿಸಿ ಭಾಗಿಸಿ ಹುಟ್ಟಿಸಬೇಕು.

ಆದುದರಿಂದ ಇಲ್ಲಿ ಕಾಲವನ್ನು ನಿಮಿಷದ ಮೇಲೆ ಅಳೆದರೆ ಮೋಸ ಹೋದಂತೆ. ಒಬ್ಬ ನಟ ಒಂದು ನಿಮಿಷ ಸುಮ್ಮನೆ ನಡೆದರೆ ಅದರ ಶುದ್ಧೀಕರಣ ಹೆಚ್ಚಿನದಲ್ಲ. ಅದೇ ಒಂದು ನಿಮಿಷ ವಾಲಿ ಸುಗ್ರೀವರು ತೋಳಿಗೆ ತೋಳು ಹೆಣೆದು ಉರುಳಾಡಿದರೆ ಅರ್ಧಕ್ಕರ್ಧ ಗುಂಡುಗಳು ಒಬ್ಬರ ಮೈಯಡಿಯಲ್ಲಿ ಒಬ್ಬರದು ಮುಚ್ಚಿಹೋಗುತ್ತವೆ. ಆ ನಿಮಿಷ ದಿನಗಟ್ಟಲೆ ಕೂರಿಸೀತು. ಯೋಜನೆ ಹಾಕುವವರು ಚಿತ್ರಕಥೆಯಲ್ಲಿ ಎಷ್ಟು ನಿಮಿಷವಿದೆಯೆಂದು ಎಣಿಸಿದರೆ ಸಾಲದು, ಎಷ್ಟು ಅಪ್ಪುಗೆಯಿದೆ, ಎಷ್ಟು ಜಗಳವಿದೆ, ಎಷ್ಟು ಜನ ನೆಲಕ್ಕೆ ಬೀಳುತ್ತಾರೆಂದು ಎಣಿಸಬೇಕು.

ನಮ್ಮ ದೃಷ್ಟಿಯಲ್ಲಿ ಇದಕ್ಕಿಂತ ದೊಡ್ಡ ಸೋರಿಕೆ ಇನ್ನೊಂದಿದೆ. ಫಾಲ್ಕೆಯವರು ಮುಂದೂಡಲಾಗದ್ದನ್ನೆಲ್ಲ ಈಗ ಮುಂದೂಡಬಹುದು. ಮೂರ್ತಿಯವರು ಸೂರ್ಯನೊಡನೆ ಓಡುತ್ತ ಮಾಡಿದ ತೀರ್ಮಾನವನ್ನು ಈಗ ಒಂದು ವರ್ಷ ತಡವಾಗಿ ಮಾಡಬಹುದು. ಸೆಟ್ಟಿನಲ್ಲಿ ಕ್ಯಾಮೆರಾದ ಕೋನವಿಲ್ಲ, ಬೆಳಕಿಲ್ಲ, ಪಾತ್ರದ ಗಡ್ಡ ಎಷ್ಟುದ್ದವೆಂಬುದೂ ನಿಶ್ಚಯವಾಗಿಲ್ಲ. ಆಮೇಲೆ ನೋಡೋಣ ಎಂಬ ಮಾತು ಎಷ್ಟು ಸಲ ಬಂದರೂ ಆ ದಿನ ಯಾರಿಗೂ ನಷ್ಟವಾದಂತೆ ಕಾಣುವುದಿಲ್ಲ. ಹತ್ತು ಟೇಕುಗಳಲ್ಲಿ ಯಾವುದು ಬೇಕೆಂದು ನಿರ್ದೇಶಕ ಅಂದು ಸಂಜೆಯೇ ಹೇಳಿದರೆ ಒಂದನ್ನು ಶುದ್ಧ ಮಾಡಿದರಾಯಿತು. ಹೇಳದಿದ್ದರೆ ಅವನಿಗೆ ನೋಡಲು ತೋರಿಸುವುದಕ್ಕಾಗಿಯೇ ಹತ್ತನ್ನೂ ಅರ್ಧಂಬರ್ಧ ತಯಾರು ಮಾಡಬೇಕು. ಮುಂದೂಡಿದ ಪ್ರತಿಯೊಂದು ತೀರ್ಮಾನವೂ ಬಡ್ಡಿ ಸಮೇತ ಸಂಸ್ಕರಣೆಯ ಕೋಣೆಗೆ ಬಂದು ಕೂರುತ್ತದೆ.

ನಮ್ಮ ದೇಶದ ಉದಾಹರಣೆಗಳನ್ನೇ ನೋಡಬಹುದು. ಪೂರ್ತಿಯಾಗಿ ಮೋಷನ್ ಕ್ಯಾಪ್ಚರಿನಿಂದಲೇ ಮಾಡಿದ ಮೊದಲ ಪೂರ್ಣಾವಧಿ ಚಿತ್ರವೆನಿಸಿದ, 2000ದ ‘ಸಿಂದ್‌ಬಾದ್’ ಕಥೆಯ ಚಿತ್ರದ ಹಿಂದೆ ಮದರಾಸಿನ ಪೆಂಟಾಫೋರ್ ಸಂಸ್ಥೆ ಇತ್ತು. ಆದರೆ ಇದು ಮನೆಮಾತಾದದ್ದು ‘ಕೋಚಡೈಯಾನ್’ ಕಾಲಕ್ಕೆ. ಬೆಂಗಳೂರಿನ ಬಸ್ಸಿನಲ್ಲಿ ಟಿಕೇಟು ಹರಿದ ಶಿವಾಜಿರಾವ್ ಗಾಯಕವಾಡ ಅಲಿಯಾಸ್ ರಜನೀಕಾಂತ್ ನಾಯಕ. ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ ನಾಯಕಿ. ಇನ್ನೊಂದು ಪಡುಕೋಣೆ! ಕುಂದಾಪುರದ ಕಡೆಯ ಆ ಪುಟ್ಟ ಊರು ಮುಂಬಯಿಯ ಸಿನಿಮಾಕ್ಕೆ ಕೊಟ್ಟಷ್ಟನ್ನು ದೊಡ್ಡ ಊರುಗಳು ಕೊಟ್ಟಿಲ್ಲ. ರಜನೀಕಾಂತ್ 2011ರಲ್ಲಿ ತೀವ್ರ ಅಸ್ವಸ್ಥರಾಗಿ ‘ರಾಣಾ’ ಎಂಬ ಚಿತ್ರ ನಿಂತುಹೋಗಿತ್ತು. ದಣಿದ ನಟನಿಂದ ಕೆಲವೇ ದಿನಗಳ ಶ್ರಮ ತೆಗೆದುಕೊಂಡು ಉಳಿದುದನ್ನು ಯಂತ್ರಕ್ಕೆ ಬಿಡುವ ವಿಧಾನ ಆ ಸನ್ನಿವೇಶಕ್ಕೆ ಹೇಳಿ ಮಾಡಿಸಿದಂತಿತ್ತು. ಮಗಳು ಸೌಂದರ್ಯಾ ನಿರ್ದೇಶಿಸಿದರು. 2012ರ ಮಾರ್ಚಿನಲ್ಲಿ ಲಂಡನ್ನಿನ ಹತ್ತಿರದ ಪೈನ್‌ವುಡ್ ಸ್ಟುಡಿಯೋದಲ್ಲಿ ಚಲನೆಯನ್ನು ಹಿಡಿಯುವ ಕೆಲಸ ನಡೆಯಿತು. ಚಿತ್ರ ತೆರೆಗೆ ಬಂದದ್ದು 2014ರ ಮೇ 23ರಂದು. ಅದಕ್ಕೂ ಮೊದಲು ಗೊತ್ತುಮಾಡಿದ್ದ ಮೇ 9ನೆಯ ತಾರೀಖು ಮುರಿದುಬಿದ್ದಿತ್ತು. ಎರಡು ವರ್ಷ ಕಾದರೂ ತೆರೆಯ ಮೇಲಿನ ರಜನಿಯ ಮುಖದಲ್ಲಿ ರಜನಿ ಇರಲಿಲ್ಲವೆಂಬುದು ಅಭಿಮಾನಿಗಳಲ್ಲೂ ಅನೇಕರ ಕೊರಗು. ಮೂರ್ತಿಯವರು ಬೆಂಗಳೂರಿನಲ್ಲಿ ತೀರಿಕೊಂಡದ್ದು ಅದೇ ವರ್ಷದ ಏಪ್ರಿಲ್ 7ರಂದು, ಈ ಚಿತ್ರ ಬರುವುದಕ್ಕೆ ಆರೇಳು ವಾರ ಮೊದಲು.

ಮುಂಬಯಿಯದೇ ನಿದರ್ಶನ ಬೇಕೆಂದರೆ ‘ಆದಿಪುರುಷ್’ ಇದೆ. ಓಂ ರಾವುತ್ ನಿರ್ದೇಶನದ ಈ ರಾಮಾಯಣಕ್ಕೆ 2021ರ ಜನವರಿ 19ರಂದು ಮೋಷನ್ ಕ್ಯಾಪ್ಚರ್ ಆರಂಭವಾಯಿತು. ಫೆಬ್ರವರಿ 2ರಂದು ಗೋರೆಗಾಂವ್‌ನ ಸೆಟ್ಟಿನಲ್ಲಿ ಚಿತ್ರೀಕರಣ ಶುರುವಾದ ದಿನವೇ ಅಲ್ಲಿ ಬೆಂಕಿ ಬಿತ್ತು. ಏಪ್ರಿಲಿನಲ್ಲಿ ಕೊರೋನಾದ ಎರಡನೆಯ ಅಲೆ ಬಂದು ಮಹಾರಾಷ್ಟ್ರದಲ್ಲಿ ಕೆಲಸವೆಲ್ಲ ನಿಂತಿತು. ಇಷ್ಟು ವಿಘ್ನಗಳ ನಡುವೆಯೂ ನವೆಂಬರಿನಲ್ಲಿ, 103 ದಿನಗಳ ಚಿತ್ರೀಕರಣ ಮುಗಿಯಿತೆಂದು ನಿರ್ದೇಶಕರು ಪ್ರಕಟಿಸಿದರು. ಬೆಂಕಿ, ರೋಗ ಎರಡನ್ನೂ ದಾಟಿ ಅದೇ ವರ್ಷದಲ್ಲಿ ಚಿತ್ರೀಕರಣ ಮುಗಿಸಿದ್ದು ಸಣ್ಣ ಸಾಹಸವಲ್ಲ.

ಎಡವಿದ್ದು ಅದರ ನಂತರ. ಬಿಡುಗಡೆಯ ದಿನ ಮೊದಲು 2022ರ ಆಗಸ್ಟ್ 11 ಎಂದಿತ್ತು. ಮತ್ತೊಂದು ಚಿತ್ರಕ್ಕೆ ಜಾಗ ಬಿಟ್ಟುಕೊಟ್ಟು 2023ರ ಜನವರಿ 12ಕ್ಕೆ ಸರಿಸಿದರು. 2022ರ ಅಕ್ಟೋಬರ್ 2ರಂದು ಅಯೋಧ್ಯೆಯಲ್ಲಿ ತುಣುಕೊಂದನ್ನು ತೋರಿಸಿದಾಗ ದೇಶವೆಲ್ಲ ನಕ್ಕಿತು, ಕೆಲವರು ಸಿಟ್ಟಾದರು. ನವೆಂಬರಿನಲ್ಲಿ, ಕೆಲಸ ಮಾಡುತ್ತಿರುವ ತಂಡಗಳಿಗೆ ಇನ್ನಷ್ಟು ಕಾಲ ಕೊಡಬೇಕಾಗಿದೆಯೆಂದು ಹೇಳಿ 2023ರ ಜೂನ್ 16ಕ್ಕೆ ಮುಂದೂಡಿದರು. ಅಂದು ತೆರೆಗೆ ಬಂದಾಗಲೂ ಗ್ರಾಫಿಕ್ಸಿನ ಮೇಲಿನ ಟೀಕೆ ನಿಲ್ಲಲಿಲ್ಲ.

ಚಿತ್ರದ ಗುಣದೋಷ ಇಲ್ಲಿ ನಮ್ಮ ವಿಷಯವಲ್ಲ. ಆದರೆ ತಾರೀಖುಗಳನ್ನು ಎದುರಿಗಿಟ್ಟುಕೊಂಡು ನೋಡಿ. ಚಿತ್ರೀಕರಣ ಮುಗಿದದ್ದಕ್ಕೂ ಮೊದಲು ಹೇಳಿದ ಬಿಡುಗಡೆಗೂ ನಡುವೆ ಒಂಬತ್ತು ತಿಂಗಳು. ಕೊನೆಗೆ ಹಿಡಿದದ್ದು ಹತ್ತೊಂಬತ್ತು. ಹೊಸದಾಗಿ ಸಿಕ್ಕ ಐದು ತಿಂಗಳಲ್ಲಿ ಒಂದು ಚೌಕಟ್ಟಿನ ಒರಟನ್ನು ತಿದ್ದಬಹುದು. ರಾವಣ ಹೇಗಿರಬೇಕು, ವಾನರ ಹೇಗಿರಬೇಕು ಎಂಬುದು 2021ರ ಜನವರಿಗೆ ಮೊದಲೇ ಕಾಗದದ ಮೇಲೆ ಗಟ್ಟಿಯಾಗಬೇಕಿದ್ದ ಮಾತು. ಅದನ್ನು ಐದು ತಿಂಗಳಲ್ಲಿ ಯಾವ ಯಂತ್ರವೂ ತಿದ್ದಿಕೊಡಲಾರದು ಎಂದು ನಮಗನ್ನಿಸುತ್ತದೆ.

ಹೊರದೇಶದವರೆಲ್ಲ ಜಾಣರೆಂದೇನಲ್ಲ, ಆದರೆ ಜೇಮ್ಸ್ ಕ್ಯಾಮರೂನ್ ಒಂದು ವಿಷಯದಲ್ಲಿ ಬಟಾಣಿ ಬಿತ್ತಿದ ಫಾಲ್ಕೆಯವರ ಜಾತಿಯವನು. ‘ಅವತಾರ್’ ಚಿತ್ರದ ಎರಡನೆಯ ಭಾಗಕ್ಕೆ ಅವನು ನಟರ ಚಲನೆಯನ್ನು ಹಿಡಿಯತೊಡಗಿದ್ದು 2017ರ ಸೆಪ್ಟೆಂಬರಿನಲ್ಲಿ; ಚಿತ್ರ ಬಂದದ್ದು 2022ರ ಡಿಸೆಂಬರಿನಲ್ಲಿ. ಮೂರನೆಯ ಭಾಗದ ಅಭಿನಯವನ್ನೂ ಆಗಲೇ ಒಟ್ಟಿಗೆ ಹಿಡಿದಿಟ್ಟುಕೊಂಡ; ಅದು 2025ರ ಡಿಸೆಂಬರಿನಲ್ಲಿ ತೆರೆ ಕಂಡಿತು. ಕಾರಣ ಸರಳ. ಚಿತ್ರದಲ್ಲಿ ಮಕ್ಕಳಿದ್ದರು. ಸಂಸ್ಕರಣೆಗೆ ವರ್ಷಗಳು ಬೇಕೆಂದು ಮೊದಲೇ ಒಪ್ಪಿಕೊಂಡವನಿಗೆ, ಅಷ್ಟರಲ್ಲಿ ಮಕ್ಕಳು ಬೆಳೆದುಬಿಡುತ್ತಾರೆಂಬುದೂ ಹೊಳೆಯುತ್ತದೆ. ಹಿಡಿದಿಟ್ಟ ಚಲನೆಗೆ ವಯಸ್ಸಾಗುವುದಿಲ್ಲ.

ನಮ್ಮ ಕಟ್ಟಡದ ಮೂರನೆಯ ಮಾಳಿಗೆಯ ಹುಡುಗಿಯೊಬ್ಬಳು ಇಂಥ ಒಂದು ಕಂಪೆನಿಯಲ್ಲಿ ಚಲನೆಯನ್ನು ಶುದ್ಧಗೊಳಿಸುವ ಕೆಲಸದಲ್ಲಿದ್ದಾಳೆ. ತಂದೆಗೆ ಬ್ಯಾಂಕಿನ ನೌಕರಿಯಿತ್ತು. ಹತ್ತಕ್ಕೆ ಹೋಗಿ ಆರಕ್ಕೆ ಬರುವುದೇ ಉದ್ಯೋಗವೆಂದು ನಂಬಿದ ಮನುಷ್ಯ. ಶೂಟಿಂಗ್ ಮುಗಿಯಿತೆಂದು ಪೇಪರಿನಲ್ಲಿ ಬಂದಿದೆಯಲ್ಲ, ಇನ್ನೂ ರಾತ್ರಿ ಎರಡಕ್ಕೆ ಮನೆಗೆ ಬರುವುದೇಕೆ ಎಂದು ಅವರು ಕೇಳುತ್ತಾರೆ. ಶೂಟಿಂಗ್ ಮುಗಿದದ್ದಕ್ಕೇ ಅಪ್ಪ ಎಂದು ಅವಳು ಉತ್ತರ ಕೊಡುತ್ತಾಳೆ. ಕಳೆದ ವರ್ಷ ಚೌತಿಗೆ ಊರಿಗೆ ಹೋಗುವುದಕ್ಕೆ ಮತ್ಸ್ಯಗಂಧದಲ್ಲಿ ನಾಲ್ಕು ಸೀಟು ಮಾಡಿಸಿದ್ದರು. ನಿರ್ದೇಶಕರು ಎಂಟು ತಿಂಗಳ ಹಿಂದೆ ತೆಗೆದ ಕಾಳಗದ ದೃಶ್ಯದಲ್ಲಿ ಬೇರೆ ಟೇಕು ಚೆನ್ನೆಂದು ಆ ವಾರವೇ ಹೇಳಿದರಂತೆ. ಮೂರು ಜನ ಹೋಗಿ ಬಂದರು.

ಈ ವರ್ಷ ರಿಸರ್ವೇಶನ್ ತೆರೆಯುವ ಅರುವತ್ತು ದಿನ ಮೊದಲು ತಂದೆ ಅವಳನ್ನು ಕೇಳಿದ ಪ್ರಶ್ನೆ ಬೇರೆ ಇತ್ತು: “ಯಾವ ಟೇಕು ಅಂತ ನಿಮ್ಮ ಡೈರೆಕ್ಟರು ಹೇಳಿದ್ದಾರೇನಮ್ಮಾ?” ಹೇಳಿಲ್ಲವೆಂದಳು. ಅವರು ಮೂರೇ ಟಿಕೇಟು ತೆಗೆಸಿದರು.